ಉಪ್ಪ ಕಂಡ ಮಂಜಿ

ನನ್ನ ಉಪ್ಪ ನಲವತ್ತು ವರ್ಷ ಉಪ್ಪಳದಲ್ಲಿ ಜೀನಸು ಅಂಗಡಿ ನಡೆಸಿದವರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ದುಬೈಗೆ ಹೊರಟಾಗ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮೂರು ವರ್ಷದ ಹಿಂದೆ ಅಂಗಡಿಯ ಶಟರ್ ಎಳೆದರು, ನೋಡಿಕೊಳ್ಳಲು ಯಾರೂ ಇರಲಿಲ್ಲ. ಮಗನಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ "ಎಸಿ ರಿಪೇರಿ" ಎನ್ನುತ್ತಿದ್ದರು. ನನ್ನದು ದೊಡ್ಡ ಕಟ್ಟಡಗಳ ಎಸಿ ಡಕ್ಟಿನ ಡ್ರಾಯಿಂಗ್ ಕೆಲಸ. ನಾಲ್ಕು ಸಲ ವಿವರಿಸಿ ಆಮೇಲೆ ಬಿಟ್ಟುಬಿಟ್ಟೆ.

ಕಳೆದ ಡಿಸೆಂಬರಿನಲ್ಲಿ ಉಪ್ಪ, ಉಮ್ಮ ವಿಸಿಟ್ ವೀಸಾದಲ್ಲಿ ಬಂದರು. ಒಂದು ರಾತ್ರಿ ಬುರ್ಜ್ ಖಲೀಫಾ ತೋರಿಸಿ ಟ್ಯಾಕ್ಸಿಯಲ್ಲಿ ಬರುವಾಗ ಉಪ್ಪ ಕಿಟಕಿಯ ಹೊರಗೆ ಕೈ ತೋರಿಸಿ, "ಮೋನೇ, ಈ ಮಂಜಿಯನ್ನು ಯಾಕೆ ದಡಕ್ಕೆ ಎಳೆದಿಟ್ಟಿದ್ದಾರೆ?" ಎಂದು ಕೇಳಿದರು.

ಅವರು ಕೇಳಿದ್ದು ತಪ್ಪಲ್ಲ. ಅದು ದುಬೈ ಓಪೆರಾ. ಅರಬರ ಹಳೆಯ ಹಾಯಿ ಹಡಗಿನ ಆಕಾರದಲ್ಲೇ ಅದನ್ನು ಕಟ್ಟಿದ್ದಾರೆ. ವಿನ್ಯಾಸ ಡೆನ್ಮಾರ್ಕಿನ ಯಾನುಸ್ ರೋಸ್ಟಾಕ್ ಅವರದು. 2016ರ ಆಗಸ್ಟ್ 31ರಂದು ಗಾಯಕ ಪ್ಲಾಸಿಡೊ ಡೊಮಿಂಗೊ ಅವರ ಕಾರ್ಯಕ್ರಮದೊಂದಿಗೆ ಶುರುವಾಯಿತು. ಸುಮಾರು 2,000 ಜನ ಕೂರಬಹುದು. ಒಂದೇ ಸಭಾಂಗಣವನ್ನು ನಾಟಕಕ್ಕೆ, ಸಂಗೀತಕ್ಕೆ ಬೇಕಾದ ಹಾಗೆ ಬದಲಿಸುತ್ತಾರೆ, ಕುರ್ಚಿ ತೆಗೆದು ನೆಲ ಸಮ ಮಾಡಿದರೆ ಮದುವೆ ಹಾಲಿನಂತೆಯೂ ಆಗುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ನಾನು ಒಳಗೆ ಹೋದವನಲ್ಲ. ಅದು ನಮ್ಮಂಥವರಿಗಲ್ಲ ಎಂಬ ಅಂಜಿಕೆ. ಉಪ್ಪ ಮಾತ್ರ "ಒಳಗೆ ನೋಡಬಹುದಾ?" ಎಂದರು. ಹುಡುಗ ಪ್ರಾಯದಲ್ಲಿ ಅವರು ದಫ್ ತಂಡದಲ್ಲಿದ್ದವರು. ಅಂಗಡಿ ಹಾಕಿದ ಮೇಲೆ ದಫ್ ಅಟ್ಟಕ್ಕೆ ಹೋಯಿತು. ವಾದ್ಯವೃಂದದ ಒಂದು ಕಾರ್ಯಕ್ರಮಕ್ಕೆ ಕಡಿಮೆ ದರದ ಎರಡು ಟಿಕೆಟ್ ತೆಗೆದೆ. "ನನಗೆ ಬೇಡ, ನೀವಿಬ್ಬರು ಹೋಗಿ ಬನ್ನಿ" ಎಂದರು ಉಮ್ಮ.

ಕಾರ್ಯಕ್ರಮ ಎಂಟು ಗಂಟೆಗೆ. ಮಗ್ರಿಬ್ ನಮಾಝ್ ಮುಗಿಸಿ ಆರೂವರೆಗೆ ದೇರಾದ ರೂಮಿನಿಂದ ಹೊರಟೆವು. ಬನಿಯಾಸ್ ಸ್ಕ್ವೇರ್‌ನಲ್ಲಿ ಹಸಿರು ಲೈನ್ ಹತ್ತಿ, ಮುಂದಿನ ಯೂನಿಯನ್ ಸ್ಟೇಷನ್‌ನಲ್ಲಿ ಕೆಂಪು ಲೈನ್‌ಗೆ ಬದಲಿಸಿ, ಬುರ್ಜ್ ಖಲೀಫಾ/ದುಬೈ ಮಾಲ್ ಸ್ಟೇಷನ್‌ನಲ್ಲಿ ಇಳಿದೆವು. ಅಲ್ಲಿಗೆ ಬಂದಾಯಿತು ಎಂದುಕೊಂಡದ್ದೇ ನನ್ನ ತಪ್ಪು. ಸ್ಟೇಷನ್ನಿನಿಂದ ಮಾಲ್‌ಗೆ ಸುಮಾರು 800 ಮೀಟರ್ ಸೇತುವೆ ಇದೆ. ಎಸಿ ಇದೆ, ನಿಂತರೆ ಮುಂದಕ್ಕೆ ಒಯ್ಯುವ ಪಟ್ಟಿಯೂ ಇದೆ, ಆದರೂ ಮಂಡಿ ನೋವಿನವರಿಗೆ ದೂರವೇ. ಮಾಲ್‌ನ ನಮಾಝ್ ಕೋಣೆಯಲ್ಲಿ ಇಶಾ ಮುಗಿಸಿ, ಹೊರಗೆ ಕಾರಂಜಿಯ ಕೆರೆಯ ದಂಡೆ ಹಿಡಿದು ಮತ್ತೆ ನಡೆಯಬೇಕು. ಕಾರಂಜಿ ಏಳುವಾಗ ಜನ ಕಿಕ್ಕಿರಿದು ನಿಲ್ಲುತ್ತಾರೆ, ದಾರಿ ಸಿಗುವುದಿಲ್ಲ. ನಾವು ತಲುಪುವಾಗ ಎಂಟು ಗಂಟೆ ಐದು ನಿಮಿಷ. ಬಾಗಿಲು ಹಾಕಿಯಾಗಿತ್ತು. ಮೊದಲ ಭಾಗ ಮುಗಿಯುವವರೆಗೆ ಕಾಯಬೇಕು ಎಂದರು.

ನನಗೆ ನಾಚಿಕೆಯಾಯಿತು. ಉಪ್ಪ ಗಾಜಿನ ಗೋಡೆಯ ಪಕ್ಕ ಕೂತು ಮಂಡಿ ತಿಕ್ಕಿಕೊಳ್ಳುತ್ತಾ, "ಶಟರ್ ಎಳೆದ ಮೇಲೆ ಬಂದ ಗಿರಾಕಿಯ ಹಾಗಾಯಿತು ನಮ್ಮದು" ಎಂದು ನಕ್ಕರು.

ಒಳಗೆ ಹೋದ ಮೇಲೆ ಉಪ್ಪ ಒಂದು ಮಾತೂ ಆಡಲಿಲ್ಲ. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಿಡಿಯುತ್ತಿತ್ತು. ಮಧ್ಯಂತರದಲ್ಲಿ ಮೇಲೆ ಕೆಳಗೆ ನೋಡಿ ಕೇಳಿದರು: "ಇಷ್ಟು ಜನ ಇದ್ದಾರೆ, ತಣ್ಣಗೂ ಇದೆ. ಗಾಳಿಯ ಶಬ್ದವೇ ಇಲ್ಲವಲ್ಲ?"

ಆಗ ಹೇಳಿದೆ. ಇಂಥ ಕಡೆ ಡಕ್ಟನ್ನು ಅಗಲ ಮಾಡಿ ಗಾಳಿಯನ್ನು ನಿಧಾನ ಬಿಡುತ್ತಾರೆ. ಒಳಗೆ ಶಬ್ದ ಹೀರುವ ಪದರ ಹಾಕುತ್ತಾರೆ. ಮೆಷಿನ್ನುಗಳನ್ನು ದೂರ ಇಟ್ಟು, ನಡುಕ ಹರಡದಂತೆ ಸ್ಪ್ರಿಂಗಿನ ಮೇಲೆ ಕೂರಿಸುತ್ತಾರೆ. "ಇದು ನಾನು ಮಾಡಿದ್ದಲ್ಲ ಉಪ್ಪ. ಆದರೆ ನನ್ನದು ಇದೇ ಜಾತಿಯ ಕೆಲಸ."

"ನಮ್ಮ ಅಂಗಡಿಯ ಫ್ಯಾನ್ ತಿರುಗಿದರೆ ಗಿರಾಕಿ ಅಕ್ಕಿ ಕೇಳಿದನೋ ಸಕ್ಕರೆ ಕೇಳಿದನೋ ಗೊತ್ತಾಗುತ್ತಿರಲಿಲ್ಲ" ಎಂದರು ಉಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಇದನ್ನು ಮೊದಲೇ ಹೇಳಬಾರದಿತ್ತಾ?" ಎಂದರು. ನಾಲ್ಕು ಸಲ ಹೇಳಿದ್ದೆ ಎನ್ನಲು ನನಗೆ ಮನಸ್ಸು ಬರಲಿಲ್ಲ.

ನೀವು ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಸ್ಟೇಷನ್ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನಡೆಯಲಾಗದವರಿದ್ದರೆ ನೇರ ಟ್ಯಾಕ್ಸಿ ಮಾಡಿ, ಬಾಗಿಲಲ್ಲೇ ಇಳಿಯಬಹುದು. ಕೊನೆಯ ಮೆಟ್ರೋ ಎಷ್ಟು ಗಂಟೆಗೆ ಎಂದು ಮೊದಲೇ ನೋಡಿಕೊಳ್ಳಿ.

ಮೊನ್ನೆ ಉಮ್ಮ ಫೋನಿನಲ್ಲಿ ಹೇಳಿದರು. ಮಸೀದಿಯ ಹತ್ತಿರ ಯಾರೋ ನನ್ನ ಕೆಲಸ ಕೇಳಿದಾಗ ಉಪ್ಪ ಹೀಗೆಂದರಂತೆ: "ಗಾಳಿ ಶಬ್ದ ಮಾಡದ ಹಾಗೆ ನೋಡಿಕೊಳ್ಳುವುದು."