ಹುಲ್ಲಿನ ಬೀಜದ ಅಧ್ಯಕ್ಷರು

ಹಳೇ ಗೋವೆಯಲ್ಲಿ ಬಸ್ಸಿನಿಂದ ಇಳಿದವರೆಲ್ಲ ಇಗರ್ಜಿಗಳ ಕಡೆ ನಡೆದರು. ನಾನು ವೈಸರಾಯ್ ಕಮಾನಿನಡಿ ತೂರಿ ಫೆರಿ ಕಟ್ಟೆಗೆ ಇಳಿದೆ. ಮಾಂಡವಿಯ ಆಚೆ ದಂಡೆಯಲ್ಲಿ ದಿವಾರ್ ದ್ವೀಪ. ಗೋವೆಯ ಕದಂಬರ ದೇವರು ಸಪ್ತಕೋಟೇಶ್ವರ ಮೊದಲು ಇದ್ದದ್ದು ಅಲ್ಲಿಯೇ, ಹಾಗಾಗಿ ಮನೆಯಲ್ಲಿ ತೀರ್ಥಯಾತ್ರೆ ಎಂದು ಹೇಳಿ ಹೊರಟಿದ್ದೆ. ನಿಜಕ್ಕೂ ಹೋದದ್ದು ಹುಲ್ಲು ನೋಡಲು.

ಭತ್ತ ಹುಲ್ಲಿನ ಜಾತಿ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳಿದ ದಿನ, ಹಾಗಾದರೆ ನಾವು ಮೂರು ಹೊತ್ತೂ ತಿನ್ನುವುದು ಹುಲ್ಲಿನ ಬೀಜವೇ ಎಂದು ಅಜ್ಜಿಯನ್ನು ಕೇಳಿ ಬೈಸಿಕೊಂಡಿದ್ದೆ. ಕುಮಟೆಯ ಕಡೆ ಅಘನಾಶಿನಿಯ ಉಪ್ಪುನೀರು ನುಗ್ಗುವ ಗದ್ದೆಗೆ ಗಜನಿ ಎನ್ನುತ್ತೇವೆ, ಅಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗ. ಗೋವೆಯವರು ಆ ಗದ್ದೆಯನ್ನು ಖಾಜನ್ ಅನ್ನುತ್ತಾರೆ, ಭತ್ತವನ್ನು ಕೊರ್ಗುಟ್. ಎರಡೂ ಎತ್ತರಕ್ಕೆ ಬೆಳೆಯುತ್ತವೆ, ಎರಡರ ಅಕ್ಕಿಯೂ ಕೆಂಪು. ಕೊರ್ಗುಟ್ಟಿನ ಕಾಳಿಗೆ ಉದ್ದ ಮೀಸೆ ಬೇರೆ. ಹಕ್ಕಿಗಳಿಗೆ ಅದು ಸೇರುವುದಿಲ್ಲ. ಇಳುವರಿ ಕಡಿಮೆ, ಗಾಳಿ ಬಂದರೆ ಮಲಗಿಬಿಡುತ್ತದೆ. ಆದರೆ ಜಯಾ, ಜ್ಯೋತಿಯಂಥ ತಳಿಗಳು ಉಪ್ಪಿಗೆ ಸುಟ್ಟುಹೋಗುವ ಕಡೆಯೂ ಇದು ತೆನೆ ಬಿಡುತ್ತದೆ.

ಪರಿಚಯದವರೊಬ್ಬರು ಕಳಿಸಿದ್ದು ದಿವಾರಿನ ಒಂದು ಬೀಜದ ಮನೆಗೆ. ಅಜ್ಜ ಇಟ್ಟ ಬೀಜವನ್ನು ಅಪ್ಪ, ಅಪ್ಪ ಇಟ್ಟಿದ್ದನ್ನು ಮಗ ಬಿತ್ತುತ್ತ ಬಂದ ಮನೆ ಅದು. ಮಗನಿಗೇ ಈಗ ಎಪ್ಪತ್ತು ದಾಟಿದೆ. ಊರಿನ ಗೇಣಿದಾರರ ಸಂಘಕ್ಕೆ ಅವರೇ ಅಧ್ಯಕ್ಷರು. ಅಧ್ಯಕ್ಷರೆಂದ ಮೇಲೆ ಬಿಳಿ ಅಂಗಿ, ಮೇಜು, ಗಂಟೆ ಇರಬಹುದು ಎಂದುಕೊಂಡಿದ್ದೆ. ಚಡ್ಡಿ ಹಾಕಿಕೊಂಡು ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದರು. "ಅಂಕಲ್, ಅಧ್ಯಕ್ಷರಾದದ್ದು ಹೇಗೆ?" ಎಂದೆ. "ಆ ದಿನ ಸಭೆಗೆ ತಡವಾಗಿ ಹೋದೆ," ಎಂದರು ಕೊಂಕಣಿಯಲ್ಲಿ.

ಇದರಲ್ಲಿ ಅರ್ಧ ತಮಾಷೆ. ಇನ್ನರ್ಧ ತಿಳಿಯಬೇಕಾದರೆ ಅವರ ಜೊತೆ ಮಾನಸಿನವರೆಗೆ ನಡೆಯಬೇಕು. ಮಾನಸ್ ಎಂದರೆ ನಮ್ಮ ಜಂತ್ರಡಿ, ಒಡ್ಡಿನ ಬಾಯಿಗೆ ಕೂರಿಸಿದ ಮರದ ಬಾಗಿಲು. ಉಬ್ಬರದಲ್ಲಿ ಹೊಳೆಯ ನೀರು ಒತ್ತಿದರೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಗದ್ದೆಯ ಮಳೆನೀರು ತಳ್ಳಿದರೆ ತಾನೇ ತೆರೆಯುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಆದರೆ ಏಡಿ ಒಡ್ಡಿಗೆ ಒಂದು ತೂತು ಕೊರೆದರೆ ಸಾಕು, ಉಪ್ಪುನೀರು ಒಬ್ಬನ ಗದ್ದೆಗೆ ಬಂದು ನಿಲ್ಲುವುದಿಲ್ಲ, ಇಡೀ ಬಯಲಿಗೆ ಹರಡುತ್ತದೆ. ಒಮ್ಮೆ ಕುಡಿದ ಉಪ್ಪನ್ನು ತೊಳೆಯಲು ಮಳೆಗಾಲವೇ ಬರಬೇಕು. ಮನೆಯ ಬೀಜ ಉಳಿಯಬೇಕೆಂದರೆ ನೆರೆಯವನ ಒಡ್ಡನ್ನೂ ಕಾಯಬೇಕು, ಅವನ ಜಗಳಕ್ಕೂ ಕಿವಿಗೊಡಬೇಕು. ಬೀಜದ ಮನೆಯವರು ಹುದ್ದೆಗೆ ಬಂದದ್ದು ಹೀಗೆ.

ಹಿಂದೆ ಈ ಕೆಲಸ ಗಾಂವ್ಕರಿಯದ್ದಾಗಿತ್ತು. ಊರು ಕಟ್ಟಿದ ಮನೆತನಗಳು ನೆಲವನ್ನು ಒಟ್ಟಾಗಿ ಹಿಡಿದು, ಗದ್ದೆಗಳನ್ನು ಹರಾಜು ಹಾಕಿ, ಒಡ್ಡಿನ ಖರ್ಚು ಕಳೆದು ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದವು. ಪೋರ್ಚುಗೀಸರು ಈ ಪದ್ಧತಿಯನ್ನು ಮುರಿಯಲಿಲ್ಲ. 1526ರಲ್ಲಿ ಅದನ್ನೇ ಬರೆಸಿ ಸನದು ಮಾಡಿದರು, ಕೊಮುನಿದಾದ್ ಎಂದು ಕರೆದರು. ತೆರಿಗೆ ತಪ್ಪದೆ ಬರುತ್ತಿದ್ದರೆ ಯಾರು ತಾನೇ ಮುರಿಯುತ್ತಾರೆ! ಉತ್ತರ ಕನ್ನಡದಲ್ಲಿ ಗಾಂವ್ಕರ ಬರೀ ಅಡ್ಡಹೆಸರು, ಗೋವೆಯಲ್ಲಿ ಅದು ಷೇರು. ವಿಮೋಚನೆಯ ನಂತರ 1964ರ ಗೇಣಿ ಕಾಯ್ದೆ ಬಂತು, 1975ರ ನಿಯಮಗಳು ಒಡ್ಡಿನ ಹೊಣೆಯನ್ನು ಗೇಣಿದಾರರ ಸಂಘಗಳಿಗೆ ದಾಟಿಸಿದವು. ಹೊಣೆ ಬಂತು. ಒಡ್ಡಿನ ಮಣ್ಣು ಹೊರಲು ಕೈಗಳು ಮಾತ್ರ ಬರಲಿಲ್ಲ, ಅವು ಕೊಲ್ಲಿ ದೇಶಗಳಿಗೂ ಲಿಸ್ಬನ್ನಿಗೂ ಹೋಗಿದ್ದವು.

ಅಧ್ಯಕ್ಷರ ಸಿಟ್ಟು ಏಡಿಗಳ ಮೇಲಲ್ಲ, ಮೀನಿನ ಹರಾಜಿನ ಮೇಲೆ. ಮಾನಸಿನ ಬಾಯಿಗೆ ಬಲೆ ಹಾಕುವ ಹಕ್ಕಿಗೆ ಭತ್ತಕ್ಕಿಂತ ಹೆಚ್ಚು ಹಣ. ಉಪ್ಪುನೀರು ಹೆಚ್ಚಿದಷ್ಟೂ ಸಿಗಡಿ ಹೆಚ್ಚು. ಅದಕ್ಕೇ ಕೆಲವು ಕಡೆ ಬಾಗಿಲು ರಾತ್ರಿಯಲ್ಲಿ 'ತಾನಾಗಿ' ತೆರೆದುಕೊಳ್ಳುತ್ತದೆ. ಅಘನಾಶಿನಿಯ ಗಜನಿಗಳು ಸಿಗಡಿ ಕೆರೆಗಳಾದದ್ದನ್ನು ಕಂಡವನು ನಾನು, ಹೊಸ ಸಂಗತಿಯೇನಲ್ಲ ಎಂದೆ. ಅವರು ನನ್ನನ್ನೇ ಬಾಗಿಲು ತೆರೆದವನಂತೆ ನೋಡಿದರು.

ಹೊಳೆಯಾಚೆ ಎಲಾದಲ್ಲಿ ಕೇಂದ್ರ ಸರಕಾರದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಿದೆ. ಗೋವಾ ಧಾನ್ 1, ಗೋವಾ ಧಾನ್ 2 ಎಂಬ ಅವರ ತಳಿಗಳು ಕೊರ್ಗುಟ್ಟಿನಿಂದಲೇ ಆಯ್ದವು. "ಒಳ್ಳೆಯ ಹುಡುಗರು," ಎಂದರು ಅಧ್ಯಕ್ಷರು ವಿಜ್ಞಾನಿಗಳ ಬಗ್ಗೆ. ಆದರೂ ತಮ್ಮ ಬೀಜವನ್ನು ಬೇರೆಯೇ ಇಟ್ಟಿದ್ದಾರೆ, ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ. ಮಧ್ಯಾಹ್ನ ಅದೇ ಅಕ್ಕಿಯ ಪೇಜ್, ಅಂದರೆ ಗಂಜಿ, ಬಡಿಸಿದರು, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಎರಡು ಬಟ್ಟಲು ಕುಡಿದೆ. ಅಜ್ಜಿಯ ಕಗ್ಗದ ಗಂಜಿ ನೆನಪಾಗಿ ಮೂರನೆಯದನ್ನೂ ಕುಡಿದೆ.

ಹೊರಡುವಾಗ ಒಂದು ಹಿಡಿ ಕೊರ್ಗುಟ್ ಬೀಜ ಕೇಳಿದೆ. ಕೊಡಲಿಲ್ಲ. ಬೀಜವನ್ನು ದಾನ ಮಾಡುವುದಿಲ್ಲ, ಮಾರುವುದೂ ಇಲ್ಲ, ಬದಲಿಗೆ ಬೀಜವೇ ಬೇಕು ಎಂಬುದು ಆ ಮನೆಯ ಕಟ್ಟಳೆ. "ನಿಮ್ಮ ಕಗ್ಗ ತನ್ನಿ, ಇದನ್ನು ಒಯ್ಯಿರಿ," ಎಂದರು.

ಕುಮಟೆಯ ಕಡೆಯ ಓದುಗರಲ್ಲಿ ಯಾರ ಅಟ್ಟದಲ್ಲಾದರೂ ಒಂದು ಸೇರು ಕಗ್ಗದ ಬೀಜ ಉಳಿದಿದ್ದರೆ ದಯವಿಟ್ಟು ತಿಳಿಸಿ. ಮೇ ತಿಂಗಳೊಳಗೆ ಅದನ್ನು ದಿವಾರಿಗೆ ಮುಟ್ಟಿಸಬೇಕು.