ಹತ್ತು ಅಂಕೆಗಳ ಗೇಣಿ

ಮನೆತನದ ಹೆಸರೊಂದನ್ನು ಬರೆದರೂ ಸಾಕು, ಬೀಜಾಡಿಯಲ್ಲಿ ಅಂಚೆಯವನು ನಿಮ್ಮನ್ನು ಹುಡುಕಿಕೊಂಡು ಬಂದಾನು. ಆದರೆ ಮುಂಬಯಿಯಲ್ಲಿಯೋ ಕೊಲ್ಲಿ ನಾಡಿನಲ್ಲಿಯೋ ದುಡಿಯುವ ಮಗನಿಗೆ ತಾಯಿಯ ವಿಳಾಸವೆಂದರೆ ಇಂದು ಹತ್ತು ಅಂಕೆಗಳು. ಆ ಅಂಕೆಗಳು ಯಾರ ಸೊತ್ತು? ಸರಕಾರವು ಕಂಪೆನಿಗಳ ಮೂಲಕ ಹಂಚುವ ಸಂಖ್ಯೆಯದು. ನಾವು ಅದರ ಗೇಣಿದಾರರು ಮಾತ್ರ. ಭೂಸುಧಾರಣೆಯನ್ನು ಕಂಡ ನಮ್ಮ ಹಿರಿಯರಿಗೆ ಈ ಮಾತು ಬೇಗನೆ ಅರ್ಥವಾದೀತು.

2011ರ ಜನವರಿ 20ರ ತನಕ ಕಂಪೆನಿಯನ್ನು ಬಿಟ್ಟವನು ಸಂಖ್ಯೆಯನ್ನೂ ಬಿಡಬೇಕಾಗಿತ್ತು. ಅಂದು ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿ ಬದಲಿಸುವ ಹಕ್ಕು ಜಾರಿಗೆ ಬಂತು. ಅದರ ನಿಜವಾದ ಬೆಲೆ ತಿಳಿದದ್ದು ಕಂಪೆನಿಗಳೇ ಮುಚ್ಚತೊಡಗಿದಾಗ. ಕರ್ನಾಟಕದಲ್ಲಿ ಬಹಳ ಜನ ಬಳಸುತ್ತಿದ್ದ ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾದಾಗ ಯಾರಿಗೂ ತೊಂದರೆಯಾಗಲಿಲ್ಲ; ಗದ್ದೆಗೆ ಒಡೆಯ ಬದಲಾದನಷ್ಟೆ. ಆದರೆ 2017ರ ಡಿಸೆಂಬರ್ 1ರಂದು ರಿಲಯನ್ಸ್ ಕಮ್ಯುನಿಕೇಶನ್ಸ್ ಕರೆಸೇವೆಯನ್ನು ನಿಲ್ಲಿಸಿತು. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಸಲ್ಲಿಸಿತು. ಅದರ ಗ್ರಾಹಕರು ಹೊರಬರಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಏಪ್ರಿಲ್ 15ರ ತನಕ ಅವಕಾಶವಿತ್ತಿತು.

ಇಲ್ಲೊಂದು ವಿಚಿತ್ರ ತೊಡಕಿದೆ. ಹೊರಹೋಗುವ ಅನುಮತಿಯನ್ನು ಹಳೆಯ ಫೋನಿನಿಂದಲೇ ಸಂದೇಶ ಕಳುಹಿಸಿ ಬೇಡಬೇಕು. ಗೋಪುರವೇ ಸತ್ತಿದ್ದರೆ ಸಂದೇಶ ಹೋಗುವುದೆಂತು?

ನಮ್ಮ ಕಡಲ ಬದಿಯ ಅಜ್ಜಿಯೊಬ್ಬರಿಗೆ ಆದದ್ದೂ ಇದೇ. ಕಂಪೆನಿ ಯಾವುದೆಂಬುದು ಇಲ್ಲಿ ಬೇಡ. ಅವರ ಮಗ ಹಡಗಿನ ಕೆಲಸದವನು. ಯಾವ ರೇವಿನಲ್ಲಿ ಇಳಿದರೂ ಅಲ್ಲಿಯ ಫೋನಿನಿಂದ ಬಾಯಿಪಾಠದ ಆ ಸಂಖ್ಯೆಗೆ ಕರೆಯುವವನು. ಕೋಟೇಶ್ವರದ ಅಂಗಡಿಯಲ್ಲಿ ಉಚಿತವಾಗಿ ಹೊಸ ಸಿಮ್ ಕೊಡುತ್ತೇವೆಂದರು. "ಹೊಸ ನಂಬ್ರ ನಂಗ್ ಬ್ಯಾಡ. ಮಾಣಿ ಫೋನ್ ಮಾಡುದ್ ಇದ್ಕೇ" ಎಂದು ಅಜ್ಜಿ ಹಟ ಹಿಡಿದರು. ಮೂರು ದಿನ ಮೊಮ್ಮಗಳು ಫೋನನ್ನು ಎತ್ತಿ ಹಿಡಿದುಕೊಂಡು ಹೆದ್ದಾರಿಯ ಬದಿಯಲ್ಲಿ ಅಲೆದಳು. ಕಡೆಗೊಂದು ಸಂಜೆ ಒಂದು ಗೀಟು ಮೂಡಿತು, ಸಂದೇಶ ಹೋಯಿತು. ಸಂಖ್ಯೆ ಉಳಿಯಿತು. ಚೀಟಿಯಲ್ಲಿ ಉಳಿದಿದ್ದ ಹಣ ಮಾತ್ರ ಹೋಯಿತೆನ್ನಿ. ಅದು ಹೊಸ ಕಂಪೆನಿಗೆ ಜೊತೆಯಾಗಿ ಬರುವುದಿಲ್ಲ. ಏಳು ವಾರ ಕಳೆದು ಆ ಫೋನು ರಿಂಗಣಿಸಿದಾಗ ಅಜ್ಜಿ ಅಕ್ಕಿ ಆರಿಸುತ್ತಿದ್ದರಂತೆ. ಮೊರ ಅಲ್ಲಿಯೇ ಮಗುಚಿತಂತೆ.

ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ ಇಷ್ಟು ತಿಳಿದಿರಲಿ. 1900ಕ್ಕೆ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ತಮ್ಮ ಸಂಖ್ಯೆಯನ್ನು ಕಳುಹಿಸಿದರೆ ಎಂಟು ಅಕ್ಷರಾಂಕೆಗಳ ಗುರುತು ಬರುತ್ತದೆ. ನಮ್ಮ ರಾಜ್ಯದಲ್ಲಿ ಅದರ ಆಯುಸ್ಸು ನಾಲ್ಕೇ ದಿನ. ಅಷ್ಟರೊಳಗೆ ಗುರುತಿನ ದಾಖಲೆಯೊಂದಿಗೆ ಹೊಸ ಕಂಪೆನಿಯ ಅಂಗಡಿಗೆ ಹೋಗಬೇಕು. 2024ರ ಜುಲೈ 1ರಿಂದ, ಕಳೆದುಹೋದ ಸಿಮ್ಮಿಗೆ ಬದಲಿ ಪಡೆದವರು ಏಳು ದಿನ ಕಾಯಬೇಕು. ಕಳ್ಳರಿಗೆ ಹಾಕಿದ ಬೇಲಿಯದು. ಸುಮ್ಮನೆ ಬಿಟ್ಟ ಸಂಖ್ಯೆ ರದ್ದಾಗಿ, ಕನಿಷ್ಠ 90 ದಿನಗಳ ಬಳಿಕ ಅಪರಿಚಿತನೊಬ್ಬನ ಕೈಸೇರಬಹುದು. ನಿಮ್ಮ ಬ್ಯಾಂಕಿನ ಗುಪ್ತಸಂಖ್ಯೆ ಆಗ ಯಾರಿಗೆ ಹೋದೀತು, ಯೋಚಿಸಿ.

ಈ ಹಕ್ಕು ಮೊಬೈಲಿಗೆ ಮಾತ್ರ. ಕುಂದಾಪುರದ 08254ರ ಹಳೆಯ ಮನೆ ದೂರವಾಣಿಗಳಿಗೆ ಅದು ಅನ್ವಯಿಸದು. ಅವುಗಳಲ್ಲಿ ಎಷ್ಟೋ ಸಂಖ್ಯೆಗಳು ಈಗ ಹಳೆಯ ಮದುವೆಯ ಕರೆಯೋಲೆಗಳಲ್ಲಿಯೂ ವಾಳೆಯ ಗುರಿಕಾರರ ಪುಸ್ತಕದಲ್ಲಿಯೂ ಉಳಿದಿವೆ.