ಅಳಲೆಯ ಬೂದು, ಅಂಗಿಯ ನೆರಿಗೆ

ಬೆಳಗಾವಿಯ ಖಡೇಬಜಾರಿನಲ್ಲಿ ಸೀರೆ ಕೊಳ್ಳುವವರು ಸೆರಗು ಬಿಡಿಸಿ ನೋಡುತ್ತಾರೆ, ಖಣ ಕೊಳ್ಳುವವರು ಅಂಚು ನೋಡುತ್ತಾರೆ. ಹೊಸಿಯರಿ ಬಟ್ಟೆಯನ್ನು ಮಾತ್ರ ಒಂದು ತುದಿ ಹಿಡಿದು ಜೋತುಬಿಟ್ಟು ನೋಡಬೇಕು. "ಅಕ್ಕಾರ, ಎಷ್ಟ ಜಗ್ಗತೈತಿ ನೋಡ್ರಿ" ಎಂದು ಅಂಗಡಿಯವರು ಎರಡೂ ಕೈಯಿಂದ ಹಿಗ್ಗಿಸಿ ತೋರಿಸುತ್ತಾರೆ. ಕೊರಳ ಕೆಳಗೆ ನೆರಿಗೆ ಇಳಿಬೀಳುವ ಅಂಗಿ ಹೊಲಿಯಬೇಕೆಂದಿರುವ ನಾನು ಹುಡುಕುವುದು ಭಾರವನ್ನು. ಹಗುರ ಬಟ್ಟೆ ಎಷ್ಟು ಜಗ್ಗಿದರೂ ನೆರಿಗೆ ನಿಲ್ಲದು.

ಶಹಾಪುರ, ವಡಗಾವಿ, ಖಾಸಬಾಗಗಳ ಮಗ್ಗದಲ್ಲಿ ಹಾಸು ಹೊಕ್ಕು ಒಂದನ್ನೊಂದು ಬಿಗಿಹಿಡಿಯುತ್ತವೆ. ಆ ಸೀರೆಗೆ ನೆರಿಗೆಯನ್ನು ಉಡುವವಳ ಬೆರಳೇ ಕೊಡಬೇಕು. ನೇಯ್ದ ಬಟ್ಟೆ ತಾನಾಗಿ ಮೈಮೇಲೆ ಹರಿಯಲೆಂದು ಪ್ಯಾರಿಸ್ಸಿನ ಮ್ಯಾಡಲೀನ್ ವಿಯೋನೆ 1920ರ ದಶಕದಲ್ಲಿ ಅದನ್ನು ಓರೆಯಾಗಿ ಕತ್ತರಿಸಿ ಹೆಸರಾದಳು. ಹೊಸಿಯರಿಯಂಥ ಹೆಣೆದ ಬಟ್ಟೆಗೆ ಆ ಓರೆ ಬೇಡ. ಅದರ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ತೂಗುತ್ತಿರುತ್ತದೆ, ಬಿಟ್ಟ ಕಡೆ ಬೀಳುತ್ತದೆ. ವಿಸ್ಕೋಸಿನದಾದರೆ ಇನ್ನೂ ಚೆನ್ನ. ಮರದ ತಿರುಳಿನಿಂದ ಬರುವ ಆ ಎಳೆ ನಮ್ಮದೇ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲೂ ತಯಾರಾಗುತ್ತದೆ. ಪಾಲಿಸ್ಟರ್ ಬೆರೆತ ಬಟ್ಟೆಯನ್ನು ನಾನು ಮುಟ್ಟುವುದಿಲ್ಲ. ಗಿಡಮರದ ಬಣ್ಣ ಅದಕ್ಕೆ ಹತ್ತುವುದಿಲ್ಲ.

ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ, ಕುಗ್ಗುವಷ್ಟು ಕುಗ್ಗಲು ಬಿಡುತ್ತೇನೆ. ಆಮೇಲೆ ಕತ್ತರಿ. ಮುಂಭಾಗದ ಕಾಗದದ ಅಳತೆಯನ್ನು ಕೊರಳಿನಿಂದ ಸೀಳಿ ಅಗಲಿಸಿದರೆ ಆ ಹೆಚ್ಚುವರಿ ಅಗಲವೇ ಎದೆಯ ಮೇಲೆ ನೆರಿಗೆಯಾಗುತ್ತದೆ. ಸೂಜಿ ಮೊಂಡುತುದಿಯ ಬಾಲ್‌ಪಾಯಿಂಟ್ ಆಗಿರಬೇಕು, ಚೂಪು ಸೂಜಿ ಕುಣಿಕೆಯನ್ನೇ ಕಡಿಯುತ್ತದೆ. ಕಾಲಿನಿಂದ ತುಳಿಯುವ ನಮ್ಮ ಹಳೆಯ ಯಂತ್ರಕ್ಕೆ ಅಂಕುಡೊಂಕು ಹೊಲಿಗೆ ಬಾರದು. ಹಾಗಾಗಿ ಬಟ್ಟೆಯನ್ನು ಸ್ವಲ್ಪವೇ ಜಗ್ಗಿ ಹಿಡಿದು ನೇರ ಹೊಲಿಗೆ ಹಾಕಿದರೆ ತೊಟ್ಟಾಗ ದಾರ ಹರಿಯದು. ಹೆಗಲಿಗೆ ಒಂದು ತೆಳು ಪಟ್ಟಿ ಸೇರಿಸಿ ಹೊಲಿಯಬೇಕು, ಇಲ್ಲವಾದರೆ ಬಟ್ಟೆಯ ತೂಕಕ್ಕೆ ಹೆಗಲೇ ಕೆಳಗಿಳಿಯುತ್ತದೆ. ದಾರ ಹತ್ತಿಯದೇ ಬೇಕು. ಪಾಲಿಸ್ಟರ್ ದಾರವಾದರೆ ಬಣ್ಣದ ನೀರಿನಿಂದ ಎತ್ತಿದಾಗ ಅಂಗಿ ಬಣ್ಣಗೂಡಿರುತ್ತದೆ, ಹೊಲಿಗೆಗಳೆಲ್ಲ ಬಿಳಿ ಗೆರೆಯಾಗಿ ಉಳಿದಿರುತ್ತವೆ.

ಇಂಥ ಅಂಗಿಗೆ ಹೂವು, ಚುಕ್ಕಿ, ಬಾಂಧನಿ ಯಾವುದೂ ಬೇಡವೆಂಬುದು ನನ್ನ ಗಟ್ಟಿ ನಂಬಿಕೆ. ನೆರಿಗೆಯೇ ಚಿತ್ತಾರ. ಅದು ಕಾಣುವುದು ಉಬ್ಬಿನ ಬೆಳಕು, ತಗ್ಗಿನ ನೆರಳುಗಳಿಂದ. ಕಡುಗಪ್ಪು ಆ ನೆರಳನ್ನು ನುಂಗುತ್ತದೆ, ಅಚ್ಚಬಿಳಿ ಅದನ್ನು ತೆಳುಮಾಡುತ್ತದೆ. ಮಧ್ಯದ ಬೂದು ಎರಡನ್ನೂ ತೋರಿಸುತ್ತದೆ. ಆ ಬೂದನ್ನು ಹುಡುಕುತ್ತ ಹೋದರೆ ದಾರಿ ಖಾನಾಪುರಕ್ಕೆ ಹೋಗುತ್ತದೆ.

ಮಲಪ್ರಭೆ ಹುಟ್ಟುವ ಕಣಕುಂಬಿಯ ಆ ತಾಲ್ಲೂಕಿನ ಕಾಡಿನಲ್ಲಿ ಅಳಲೆ ಮರಗಳಿವೆ. ಅಲ್ಲಿಯವರು ಅದರ ಕಾಯಿಯನ್ನು ಮರಾಠಿಯ ರೂಢಿಯಂತೆ ಹಿರಡಾ ಎನ್ನುವುದೂ ಉಂಟು. ತೊಗಲು ಹದಮಾಡಲು, ಬಣ್ಣಕ್ಕೆ, ಶಾಯಿಗೆ ಬೇಕಾದ ಕಾಯಿ. ಕೆಮ್ಮಿಗೆಂದು ಅಜ್ಜಿಯರು ತೇಯ್ದು ಕೊಡುವುದೂ ಇದನ್ನೇ. ಕಾಯಿಯ ಒಗರಿಗೆ ಕಬ್ಬಿಣ ತಗುಲಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಕಲಂಕಾರಿಯವರ ಕಪ್ಪು ಗೆರೆಯ ಹಿಂದಿರುವುದೂ ಇದೇ ಕೂಟ. ಖಾನಾಪುರದ ಜಂಬಿಟ್ಟಿಗೆ ಮಣ್ಣನ್ನು ಕೆಂಪಾಗಿಸಿದ್ದೂ ಕಬ್ಬಿಣವೇ ಎಂಬುದು ನೆನಪಾದಾಗ ನನಗೆ ಹಿಗ್ಗು.

ಕಬ್ಬಿಣದ ನೀರನ್ನು ಮನೆಯಲ್ಲೇ ಕೂಡಿಸಬಹುದು: ತುಕ್ಕುಹಿಡಿದ ಮೊಳೆ, ಒಂದು ಹಿಡಿ ಬೆಲ್ಲ, ನೀರು. ಕಬ್ಬಿನ ಜಿಲ್ಲೆಯಲ್ಲಿ ಬೆಲ್ಲಕ್ಕೇನು ಬರ? ಭರಣಿಯ ಮುಚ್ಚಳ ಸಡಿಲವಿರಲಿ, ಹುಳಿತಾಗ ಉಬ್ಬುತ್ತದೆ. ಎರಡು-ಮೂರು ವಾರ ಬಿಟ್ಟು ಸೋಸಬೇಕು. 300 ಗ್ರಾಂ ತೂಗುವ ಅಂಗಿಗೆ 60 ಗ್ರಾಂ ಅಳಲೆ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಉಗುರುಬೆಚ್ಚಗಿನ ಆ ನೀರಿನಲ್ಲಿ ಅಂಗಿಯನ್ನು ಒಂದು ತಾಸು ತಿರುವುತ್ತಲೇ ಇರಬೇಕು. ಮಡಿಕೆಯಾಗಿ ಕೂತರೆ ಕಲೆ ಕಟ್ಟುತ್ತದೆ. ತಿಳಿಹಳದಿಯಾದ ಅಂಗಿಯನ್ನು ಒಣಗಿಸಿ ಕಬ್ಬಿಣದ ನೀರಿಗಿಳಿಸಿದರೆ ಕಣ್ಣೆದುರೇ ಬೂದು ಹರಡುತ್ತದೆ. ಆ ನೀರಿನ ಕಸುವು ಭರಣಿಯಿಂದ ಭರಣಿಗೆ ಬೇರೆ, ಆದ್ದರಿಂದ ಮೊದಲು ಅದೇ ಬಟ್ಟೆಯ ಚಿಂದಿಯಲ್ಲಿ ನೋಡಿಕೊಳ್ಳುವುದು ಮೇಲು. ಕಬ್ಬಿಣ ಹೆಚ್ಚಾದರೆ ಎಳೆ ಕಾಲಕ್ರಮೇಣ ಪಿಸಿಯುತ್ತದೆ.

ವಿಸ್ಕೋಸು ನೆಂದಾಗ ಅರ್ಧದಷ್ಟು ಬಲ ಕಳೆದುಕೊಳ್ಳುವುದರಿಂದ ಹಿಂಡುವುದಾಗಲಿ, ಹಗ್ಗಕ್ಕೆ ನೇತುಹಾಕುವುದಾಗಲಿ ಸಲ್ಲದು. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸುತ್ತೇನೆ. ಹುಳಿಯಿಂದಲೂ ದೂರವಿಡಬೇಕು: ನಿಂಬೆಹಣ್ಣಿನ ರಸವೋ ಖಾನಾಪುರದ ಊಟದ ಸೋಲಕಡಿಯೋ ಬಿದ್ದಲ್ಲಿ ಬೂದು ಕರಗಿ ಮಚ್ಚೆಯಾಗುತ್ತದೆ. ಆಗ ಅಂಗಿಯನ್ನು ಚೆನ್ನಾಗಿ ತೊಳೆದು, ಮತ್ತೆ ಅಳಲೆಯ ನೀರಿನಿಂದಲೇ ಶುರುಮಾಡಬೇಕು. ಅದಕ್ಕಾಗಿಯೇ ಕಬ್ಬಿಣದ ನೀರಿನ ಭರಣಿಯನ್ನು ನಾನು ಪೂರ್ತಿ ಬರಿದುಮಾಡುವುದಿಲ್ಲ.